ಹೆಗ್ಗೋಡಿನಲ್ಲಿ ನಾಟಕ ಮೊದಲು ಬಂತು, ಕಟ್ಟಡ ಆಮೇಲೆ: ಶಿವಮೊಗ್ಗದವರಿಗೆ ಒಂದು ಪ್ರಶ್ನೆ

ತುಂಗಾದಂಡೆ:
ಶಿವಮೊಗ್ಗದಲ್ಲಿ ನಾಟಕದ ಮಾತು ಶುರುವಾದರೆ ಐದೇ ನಿಮಿಷದಲ್ಲಿ ಅದು ಕಟ್ಟಡದ ಮಾತಾಗುತ್ತದೆ. ಒಳ್ಳೆ ಹಾಲ್ ಇಲ್ಲ. ಇದ್ದರೂ ಬೇಕಾದ ದಿನ ಸಿಗುವುದಿಲ್ಲ. ಸಿಕ್ಕಿದರೆ ಹಿಂದಿನ ಸಾಲಿಗೆ ಮಾತು ಕೇಳಿಸುವುದಿಲ್ಲ. ಎಲ್ಲವೂ ನಿಜವೇ. ಆದರೆ ನಮ್ಮ ಜಿಲ್ಲೆಯ ಅತಿ ಹೆಸರುವಾಸಿ ರಂಗಮಂದಿರದ ಚರಿತ್ರೆ ನೋಡಿದರೆ ಈ ವಾದ ಸ್ವಲ್ಪ ಅಲ್ಲಾಡುತ್ತದೆ.

ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನೀನಾಸಂ, ಶುರುವಾದದ್ದು 1949ರಲ್ಲಿ. ಊರ ದೇವರ ಹೆಸರಿನ ಸಂಘ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕೆ.ವಿ. ಸುಬ್ಬಣ್ಣ ಅವರಿಗೆ ಆಗ 17 ವರ್ಷ. ಅವರ ಶಿವರಾಮ ಕಾರಂತ ರಂಗಮಂದಿರ ಆದದ್ದು 1972ರಲ್ಲಿ. ನಡುವೆ 23 ವರ್ಷ! ಅಷ್ಟು ಕಾಲ ಅವರು ಸ್ವಂತ ರಂಗಮಂದಿರವಿಲ್ಲದೆ ನಾಟಕ ಮಾಡಿದರು. ಕಟ್ಟಡ ಎದ್ದಾಗ ಒಳಗೆ ಕೂರುವ ಜನ ಆಗಲೇ ತಯಾರಿದ್ದರು. ನಾವು ಪಟ್ಟಣದವರು ಮೊದಲು ಗೋಡೆ ಎಬ್ಬಿಸುತ್ತೇವೆ, ಆಮೇಲೆ ಪ್ರೇಕ್ಷಕರನ್ನು ಹುಡುಕುತ್ತೇವೆ. ನನ್ನ ತಕರಾರು ಇಷ್ಟೇ.

ಹಳಬರು ಯಾರಾದರೂ ಇದ್ದರೆ ಆ 23 ವರ್ಷಗಳ ಬಗ್ಗೆ, ಅದಕ್ಕೂ ಮುಂಚಿನ ಮಲೆನಾಡಿನ ರಂಗದ ಬಗ್ಗೆ ಬರೆಯಿರಿ.

ಸಾಗರಪೇಟೆ:
1949ಕ್ಕಿಂತ ಮುಂಚೆ ಇಲ್ಲಿ ರಂಗಭೂಮಿ ಇರಲಿಲ್ಲ ಅನ್ನುವ ಹಾಗೆ ಕೆಲವರು ಮಾತಾಡುತ್ತಾರೆ. ಅದು ತಪ್ಪು. ಮಲೆನಾಡಿನವರಿಗೆ ಇಡೀ ರಾತ್ರಿ ಕೂತು ಆಟ ನೋಡುವ ಅಭ್ಯಾಸ ತಲೆಮಾರುಗಳಿಂದ ಇತ್ತು.

ಯಕ್ಷಗಾನ ನೋಡಿ. ಮಳೆ ಮುಗಿದ ಮೇಲೆ ಮೇಳಗಳು ಹೊರಡುತ್ತವೆ. ಮತ್ತೆ ಮಳೆ ಬರುವ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಗದ್ದೆ ಕೊಯ್ಲಾದ ಬಯಲಲ್ಲಿ ಆಟ. ಮುಂದೆ ಡೇರೆ ಮೇಳಗಳು ಬಂದವು, ಟಿಕೆಟ್ ಬಂತು, ಕುರ್ಚಿ ಬಂತು. ಘಟ್ಟದ ಕೆಳಗಿನ ಮೇಳಗಳಿಗೆ ಸಾಗರ, ಹೊಸನಗರ, ಸಿರ್ಸಿ ಕಡೆಯ ಅಡಿಕೆ ಬೆಳೆಗಾರರು ಒಳ್ಳೆಯ ಪ್ರೇಕ್ಷಕರು. ಮಳೆಗಾಲದಲ್ಲಿ ಹೊರಗೆ ಆಟ ಆಡಲಾಗುವುದಿಲ್ಲ. ಆಗ ಮನೆಯ ಜಗಲಿಯಲ್ಲೇ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಆಮೇಲೆ ಬರೀ ಮಾತು. ಅರ್ಥ ಹೇಳುವವರು ಎದುರಾಳಿಯನ್ನು ಮಾತಲ್ಲೇ ಕಟ್ಟಿಹಾಕಬೇಕು. ಹೀಗೆ ಮಾತು ಕೇಳಿ ಕೇಳಿ ಪಳಗಿದ ಕಿವಿಗಳಿಗೆ ಗಂಭೀರ ನಾಟಕ ಏನೂ ಭಾರವಾಗಿರಲಿಕ್ಕಿಲ್ಲ.

ಇನ್ನೊಂದು, ಕಂಪನಿ ನಾಟಕ. ಸಾಗರದ ಮಾರಿಕಾಂಬೆ ಜಾತ್ರೆ ಮೂರು ವರ್ಷಕ್ಕೊಮ್ಮೆ. ಸಿರ್ಸಿಯದು ಎರಡು ವರ್ಷಕ್ಕೊಮ್ಮೆ. ಜಾತ್ರೆ ಅಂದರೆ ನಾಟಕ ಕಂಪನಿಗಳ ಕ್ಯಾಂಪ್ ಇದ್ದೇ ಇರಬೇಕು. ತಗಡಿನ ಥಿಯೇಟರ್, ಬಣ್ಣ ಬಳಿದ ಪರದೆಗಳು, ಕಾಲಲ್ಲಿ ತುಳಿಯುವ ಹಾರ್ಮೋನಿಯಂ. ಹಾಡು ಚೆನ್ನಾಗಿದ್ದರೆ ಸತ್ತು ಬಿದ್ದ ಪಾತ್ರವನ್ನೂ ‘ಒನ್ಸ್ ಮೋರ್’ ಅಂತ ಎಬ್ಬಿಸುತ್ತಿದ್ದರಂತೆ! ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ಆಮೇಲೆ ಅದು ತಾಳಗುಪ್ಪದವರೆಗೂ ಬೆಳೆಯಿತು. ಪರದೆ, ಪೆಟ್ಟಿಗೆ, ಅಷ್ಟೂ ಜನರನ್ನು ಸಾಗಿಸಬೇಕಾದ ಕಂಪನಿಗಳಿಗೆ ರೈಲು ಅಂದರೆ ಅರ್ಧ ಬಂಡವಾಳ.

ಹಾಗಾಗಿ ಹೆಗ್ಗೋಡಿನ ಹುಡುಗರು ಶುರುಮಾಡಿದಾಗ ನೆಲ ಹದವಾಗಿಯೇ ಇತ್ತು. ಅವರ ಸಾಮರ್ಥ್ಯ ಕಡಿಮೆ ಅಂತ ಹೇಳುತ್ತಿಲ್ಲ. ಬಿತ್ತಿದ್ದು ಬಂಡೆಯ ಮೇಲಲ್ಲ ಅಂತ ಹೇಳುತ್ತಿದ್ದೇನೆ, ಅಷ್ಟೇ.

ಗಾಂಧಿಬಜಾರ್:
ಚೆನ್ನಾಗಿದೆ. ಆದರೆ ಹಳ್ಳಿಯ ಲೆಕ್ಕ ಪಟ್ಟಣಕ್ಕೆ ಹೊಂದುವುದಿಲ್ಲ ಮಾರಾಯ್ರೇ. ಹಳ್ಳಿಯಲ್ಲಿ ಚಪ್ಪರ ಹಾಕಲು ಅಡಿಕೆ ದಬ್ಬೆ ತೋಟದಲ್ಲೇ ಇದೆ, ಜಾಗಕ್ಕೆ ಬಾಡಿಗೆ ಇಲ್ಲ. ಇಲ್ಲಿ ಎರಡು ಗಂಟೆ ರಿಹರ್ಸಲ್‌ಗೆ ಕೋಣೆ ಹುಡುಕುವುದರಲ್ಲೇ ಅರ್ಧ ತಂಡ ಕರಗುತ್ತದೆ. ಕಟ್ಟಡ ಕೇಳಿದರೆ ತಪ್ಪೇನು?

ಇನ್ನೊಂದು ವಿಷಯ. ಶಿವಮೊಗ್ಗದಲ್ಲಿ ಏನೂ ಇರಲಿಲ್ಲ ಅನ್ನಬೇಡಿ. ಕರ್ನಾಟಕ ಸಂಘ 1930ರಿಂದ ಇದೆ, ನೀನಾಸಂಗಿಂತ 19 ವರ್ಷ ಹಿರಿಯದು.

ಕೊಳಗ:
ಹೆಗ್ಗೋಡಿನ ಕತೆ ಹೇಳುವಾಗ ಎಲ್ಲರೂ ತೋಟ, ಮಳೆ, ತಾಳಮದ್ದಳೆ ಅಂತಾರೆ. ಕಾಗೋಡನ್ನು ಬಿಟ್ಟುಬಿಡುತ್ತಾರೆ. ಅದೂ ಸಾಗರ ತಾಲೂಕೇ. 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಜಗಳ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ. ಎಚ್. ಗಣಪತಿಯಪ್ಪ ಮುಂದಾಳು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು.

ಸಂಘ ಹುಟ್ಟಿ ಎರಡೇ ವರ್ಷಕ್ಕೆ, ಪಕ್ಕದಲ್ಲೇ ಇಷ್ಟೆಲ್ಲ ನಡೆಯಿತು. ಸುಬ್ಬಣ್ಣ ಲೋಹಿಯಾ ವಿಚಾರಗಳಿಂದ ಪ್ರಭಾವಿತರಾದವರು. ‘ಕಲೆಗಾಗಿ ಕಲೆ’ ಅನ್ನುವ ಗುಂಪಲ್ಲ ಅದು. ರಂಗಮಂದಿರ ಆದದ್ದು 1972. ಉಳುವವನಿಗೆ ಭೂಮಿ ಕೊಟ್ಟ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974. ಅಂದರೆ ಆ ಹಾಲ್ ಬಾಗಿಲು ತೆರೆದ ಕಾಲಕ್ಕೇ ಹೊರಗೆ ಒಡೆಯ ಮತ್ತು ಗೇಣಿದಾರ ಅನ್ನುವ ಸಂಬಂಧ ಮುರಿಯುತ್ತಿತ್ತು. ಪಕ್ಕಪಕ್ಕದ ಕುರ್ಚಿಯಲ್ಲಿ ಯಾರು ಕೂತರು, ಯಾರು ಹಿಂದೆ ನಿಂತರು, ಯಾರು ಬರಲೇ ಇಲ್ಲ? ರಂಗಮಂದಿರದ ಚರಿತ್ರೆ ಬರೆಯುವವರು ಮೊದಲು ಇದನ್ನು ಕೇಳಬೇಕು. ಹಾರ, ತುರಾಯಿ, ಉದ್ಘಾಟನೆಯ ಫೋಟೋ ಆಮೇಲೆ.

ತುಂಗಾದಂಡೆ:
ಕೊಳಗ ಅವರೇ, ಇದು ಈ ಚರ್ಚೆಗೆ ಬೇಕಿತ್ತು. ಮಲೆನಾಡಿನಲ್ಲಿ ಸಾಹಿತ್ಯ, ರಂಗಭೂಮಿ, ಸಮಾಜವಾದಿ ರಾಜಕೀಯ ಮೂರೂ ಒಂದೇ ಚಹಾ ಅಂಗಡಿಯಲ್ಲಿ ಕೂರುತ್ತಿದ್ದ ಕಾಲ ಅದು. ಲಂಕೇಶ್, ಅನಂತಮೂರ್ತಿ ಇಬ್ಬರೂ ಇದೇ ಜಿಲ್ಲೆಯವರು. ಕುವೆಂಪು ಅಂತೂ ಇದ್ದೇ ಇದ್ದಾರೆ.

ಕಾರಂತರ ಹೆಸರಿನ ಬಗ್ಗೆಯೂ ಒಂದು ಮಾತು. ಹಾಲ್‌ಗೆ ದಾನಿಯ ಹೆಸರನ್ನೋ ಮಂತ್ರಿಯ ಹೆಸರನ್ನೋ ಇಡಲಿಲ್ಲ. ಬದುಕಿದ್ದ ಒಬ್ಬ ಲೇಖಕರ ಹೆಸರು ಇಟ್ಟರು. ಕಾರಂತರು ಕರಾವಳಿಯವರು, ಯಕ್ಷಗಾನವನ್ನು ಕಲಿತು, ಕಲಕಿ, ಹೊಸದಾಗಿ ಕಟ್ಟಲು ನೋಡಿದವರು. ಅವರಿಗೆ ಜ್ಞಾನಪೀಠ ಬಂದದ್ದು 1977ರಲ್ಲಿ, ಅಂದರೆ ಹೆಸರಿಟ್ಟು ಐದು ವರ್ಷದ ಮೇಲೆ. ಪ್ರಶಸ್ತಿ ನೋಡಿ ಇಟ್ಟ ಹೆಸರಲ್ಲ ಅದು.

ಮೂಡುಮನೆ:
ಇಷ್ಟು ಹೊತ್ತು ಒಬ್ಬರೂ ಹೆಂಗಸರ ಮಾತೆತ್ತಲಿಲ್ಲ ಅಂತ ನೋಡುತ್ತಾ ಕೂತಿದ್ದೆ.

ಹಳೇ ಹವ್ಯಾಸಿ ನಾಟಕಗಳಲ್ಲಿ ಹೆಣ್ಣು ಪಾತ್ರವನ್ನು ಗಂಡು ಹುಡುಗರೇ ಮಾಡುತ್ತಿದ್ದರು. ಯಕ್ಷಗಾನದಲ್ಲಿ ಸ್ತ್ರೀವೇಷ ಅನ್ನುವುದೇ ಗಂಡಸರ ಒಂದು ದೊಡ್ಡ ಕಲೆ. ಕಂಪನಿಗಳಲ್ಲಿ ನಟಿಯರು ಇದ್ದರು. ಜನ ಅವರ ಹಾಡಿಗೆ ಚಪ್ಪಾಳೆ ತಟ್ಟುತ್ತಿದ್ದರು, ಮನೆಗೆ ಮಾತ್ರ ಕರೆಯುತ್ತಿರಲಿಲ್ಲ. ದಾವಣಗೆರೆಯ ಕೆ.ಬಿ.ಆರ್. ಕಂಪನಿಯನ್ನು ನಡೆಸಿದ ಚಿಂದೋಡಿ ಲೀಲಾ ಅಂಥವರು ಈ ಮರ್ಯಾದೆಯನ್ನು ಹಟದಿಂದ ಸಂಪಾದಿಸಿದರು.

ನೋಡುವವರ ಕತೆಯೂ ಅಷ್ಟೇ. ಅಡಿಕೆ ಕೊಯ್ಲಿನ ದಿನಗಳಲ್ಲಿ ಗಂಡಸರು ಗೊನೆ ಇಳಿಸಿ ಆಟಕ್ಕೆ ಹೊರಡುತ್ತಾರೆ. ಅಡಿಕೆ ಸುಲಿಯುವುದು ಯಾರು? ರಾತ್ರಿ ಹತ್ತರವರೆಗೆ ದೀಪದ ಮುಂದೆ ಕತ್ತಿಮಣೆ ಹಿಡಿದು ಕೂರುವವರಲ್ಲಿ ಜಾಸ್ತಿ ಹೆಂಗಸರೇ. ಬೇಯಿಸುವುದು, ಒಣಗಿಸುವುದು, ಆಳುಗಳಿಗೆ ಊಟ. ಅಂಥ ಊರಲ್ಲಿ ನಾಟಕ ಎಷ್ಟು ಗಂಟೆಗೆ ಶುರುವಾಗುತ್ತದೆ, ಎಷ್ಟಕ್ಕೆ ಮುಗಿಯುತ್ತದೆ ಅನ್ನುವುದು ನಮಗೆ ಸಣ್ಣ ವಿಷಯವಲ್ಲ. ಬೆಳಗಿನ ತನಕದ ಆಟ ಬೇರೆ. ಸಂಜೆ ಏಳಕ್ಕೆ ಶುರುವಾಗಿ ಒಂಬತ್ತೂವರೆಗೆ ಮುಗಿಯುವ ನಾಟಕ ಬೇರೆ. ಗೋಡೆ, ಬಾಗಿಲು, ಗೊತ್ತಾದ ಹೊತ್ತು, ಕೂರಲು ಜಾಗ ಇರುವ ರಂಗಮಂದಿರಕ್ಕೆ ಹೆಣ್ಣುಮಕ್ಕಳು ಧೈರ್ಯವಾಗಿ ಬರಬಹುದು. ತುಂಗಾದಂಡೆಯವರು ಕಟ್ಟಡ ಆಮೇಲೆ ಬಂದರೂ ನಡೆಯುತ್ತದೆ ಅಂದಾಗ ನನಗೆ ಅನ್ನಿಸಿದ್ದು, ಯಾರಿಗೆ ನಡೆಯುತ್ತದೆ?

1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಶುರುವಾಯಿತು. ಬೇರೆ ಬೇರೆ ಜಿಲ್ಲೆಗಳ ಹುಡುಗಿಯರು ಒಂದು ವರ್ಷ ಅಲ್ಲೇ ಇದ್ದು ನಟನೆ ಕಲಿತರು. ನನ್ನ ಮಟ್ಟಿಗೆ 1972ಕ್ಕಿಂತ 1980 ದೊಡ್ಡ ವರ್ಷ.

ರೀಲುಡಬ್ಬಿ:
ಎಲ್ಲರೂ ನಾಟಕ ಅಂತಿದ್ದೀರಿ. ಅದೇ ರಂಗಮಂದಿರದಲ್ಲಿ ಸಿನಿಮಾ ಇತ್ತು! ನೀನಾಸಂ ಚಿತ್ರಸಮಾಜ ಶುರುವಾದದ್ದು 1973ರಲ್ಲಿ, ಹಾಲ್ ಆದ ಮರುವರ್ಷ. ಹಳ್ಳಿಯಲ್ಲಿ ಫಿಲಂ ಸೊಸೈಟಿ ಅಂದರೆ ಆಗ ಬೆಂಗಳೂರಿನವರೂ ಹುಬ್ಬೇರಿಸುತ್ತಿದ್ದರು.

ಇದು ಸಾಧ್ಯವಾದದ್ದು ಹೇಗೆ ಅಂತ ಸ್ವಲ್ಪ ಯಂತ್ರದ ಭಾಷೆಯಲ್ಲಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಪೇಟೆಯ ಟಾಕೀಸುಗಳಲ್ಲಿ ಓಡುತ್ತಿದ್ದದ್ದು 35 ಎಂಎಂ. ನಿಮಿಷಕ್ಕೆ 90 ಅಡಿ ಫಿಲಂ ನುಂಗುತ್ತದೆ. 2000 ಅಡಿಯ ಒಂದು ಸುರುಳಿ 22 ನಿಮಿಷಕ್ಕೆ ಖಾಲಿ. ಎರಡೂವರೆ ಗಂಟೆಯ ಚಿತ್ರಕ್ಕೆ ಅಂಥ ಏಳು ಸುರುಳಿ ಬೇಕು. ಅದಕ್ಕೇ ಕ್ಯಾಬಿನ್‌ನಲ್ಲಿ ಎರಡು ಪ್ರೊಜೆಕ್ಟರ್. ಪರದೆಯ ಬಲಮೂಲೆಯಲ್ಲಿ ಸಣ್ಣ ಚುಕ್ಕಿ ಮಿನುಗಿದ ಕೂಡಲೇ ಆಪರೇಟರ್ ಎರಡನೇ ಯಂತ್ರಕ್ಕೆ ದಾಟಬೇಕು. ಬೆಳಕಿಗೆ ಕಾರ್ಬನ್ ಕಡ್ಡಿ. ಅದು ಉರಿದು ಸವೆಯುತ್ತಾ ಹೋಗುತ್ತದೆ, ಸರಿಸುತ್ತಲೇ ಇರಬೇಕು. ಕೈ ತಪ್ಪಿದರೆ ಪರದೆ ಮಂಕು, ಕೆಳಗಿಂದ ಶಿಳ್ಳೆ.

16 ಎಂಎಂ ಹಾಗಲ್ಲ. ನಿಮಿಷಕ್ಕೆ 36 ಅಡಿ ಸಾಕು. 1600 ಅಡಿಯ ಸುರುಳಿ ಮುಕ್ಕಾಲು ಗಂಟೆಯ ಹತ್ತಿರ ಓಡುತ್ತದೆ. ಪ್ರೊಜೆಕ್ಟರ್ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಫಿಲಂ ಸೊಸೈಟಿಗಳು ದೇಶದ ಮೂಲೆಮೂಲೆಗೆ ಹೋದದ್ದು ಈ ಸಣ್ಣ ಯಂತ್ರದಿಂದಲೇ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಅಲ್ಲಿನ ಪಿ.ಕೆ. ನಾಯರ್, ಚಿತ್ರರಸಗ್ರಹಣ ಪಾಠ ಹೇಳುತ್ತಿದ್ದ ಸತೀಶ್ ಬಹಾದೂರ್, ಇಬ್ಬರೂ ಹೆಗ್ಗೋಡಿಗೆ ಬಂದು ಶಿಬಿರ ನಡೆಸಿದರು. ಸತ್ಯಜಿತ್ ರೇ, ಜಪಾನಿನ ಕುರೊಸಾವಾ ಇವರ ಚಿತ್ರಗಳನ್ನು ಅಡಿಕೆ ಸುಲಿದು ಬಂದವರು ನೋಡಿದರು.

ಗಾಂಧಿಬಜಾರ್:
ನೋಡಿದರು, ಸರಿ. ಅರ್ಥವಾಯಿತಾ? ಸುಮ್ನೆ ಕೇಳುತ್ತಿದ್ದೇನೆ. ಜಪಾನಿ ಭಾಷೆ, ಕೆಳಗೆ ಇಂಗ್ಲಿಷ್ ಅಕ್ಷರ.

ರೀಲುಡಬ್ಬಿ:
ನಿಮಗೆ ಯಕ್ಷಗಾನದ ಪದ್ಯದ ಪ್ರತಿ ಶಬ್ದವೂ ಅರ್ಥವಾಗುತ್ತದಾ? ಆದರೂ ಬೆಳಗಿನವರೆಗೆ ಕೂರುತ್ತೀರಲ್ಲ! ಕುರೊಸಾವಾನ ‘ರಾಶೋಮನ್’ನಲ್ಲಿ ಒಂದೇ ಘಟನೆಯನ್ನು ನಾಲ್ಕು ಜನ ನಾಲ್ಕು ಥರ ಹೇಳುವುದು ತಾಳಮದ್ದಳೆ ಕೇಳಿದವರಿಗೆ ಹೊಸದಲ್ಲ. ಒಂದೇ ಪ್ರಸಂಗದಲ್ಲಿ ಭೀಷ್ಮನ ನ್ಯಾಯ ಬೇರೆ, ಅಂಬೆಯ ನ್ಯಾಯ ಬೇರೆ. ಹಳ್ಳಿಯವರಿಗೆ ಇದು ತಿಳಿಯದು ಅನ್ನುವುದು ಪೇಟೆಯವರ ಕಲ್ಪನೆ.

ಕೊಳಗ:
ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ‘ಹಳ್ಳಿಯವರು ಕುರೊಸಾವಾ ನೋಡಿದರು’ ಅನ್ನುವ ವಾಕ್ಯವನ್ನು ಹೊರಗಿನವರು ಬೆರಗಿನಿಂದ ಹೇಳಿ ಹೇಳಿ ಅದು ಒಂದು ಪ್ರದರ್ಶನದ ವಸ್ತುವಾಗಿಬಿಟ್ಟಿದೆ. 1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಮೇಲೆ ಇದು ಇನ್ನೂ ಜಾಸ್ತಿಯಾಯಿತು. ಪತ್ರಿಕೆಯವರು ಬಂದರು, ಫೋಟೋ ತೆಗೆದರು, ಹೋದರು. ನಡುವೆ ಆದ ನಿಜವಾದ ಕೆಲಸ ಅಷ್ಟು ಸುದ್ದಿಯಾಗಲಿಲ್ಲ. 1983ರಿಂದ 1985ರವರೆಗೆ ‘ಜನಸ್ಪಂದನ’ ಅಂತ ಒಂದು ಯೋಜನೆ ನಡೆಯಿತು. ಹಳ್ಳಿಹಳ್ಳಿಗೆ ಹೋಗಿ ನಾಟಕ ಮಾಡಿಸಿದರು, ಸಿನಿಮಾ ತೋರಿಸಿದರು. ಚಿದಂಬರರಾವ್ ಜಂಬೆಯವರು ಉತ್ತರ ಕನ್ನಡದ ಮಂಚೀಕೇರಿಯ ಸಿದ್ದಿ ಬುಡಕಟ್ಟಿನ ಜನರ ಜೊತೆ ನಾಟಕ ಮಾಡಿದರು. ರಂಗಮಂದಿರವೊಂದು ತನ್ನ ಗೋಡೆ ದಾಟಿ ಹೋದದ್ದು ನನಗೆ ಮುಖ್ಯ.

ತಿರುಗಾಟದ ಹಳಬ:
ಗೋಡೆ ದಾಟುವ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ನಟನಲ್ಲ. ನಮ್ಮೂರಿಗೆ ನೀನಾಸಂನ ಸಂಚಾರಿ ನಾಟಕ ತಂಡ ‘ತಿರುಗಾಟ’ವನ್ನು ಕರೆಸುವ ಸ್ಥಳೀಯ ಗುಂಪಿನಲ್ಲಿ ಬೆಂಚು ಹೊರುತ್ತಿದ್ದವನು.

ತಿರುಗಾಟ ಶುರುವಾದದ್ದು 1985ರಲ್ಲಿ. ಕಲಿತು ಹೊರಬಂದವರಿಗೆ ಕೆಲಸ ಬೇಕಿತ್ತು, ಊರುಗಳಿಗೆ ನಾಟಕ ಬೇಕಿತ್ತು. ಅದರ ಇಡೀ ವರ್ಷ ಮಳೆಯ ಲೆಕ್ಕದಲ್ಲಿ ನಡೆಯುತ್ತದೆ. ಹೊರಗೆ ಮಳೆ ಸುರಿಯುವಾಗ ಹೆಗ್ಗೋಡಿನಲ್ಲಿ ತಾಲೀಮು. ಅಕ್ಟೋಬರ್ ಹೊತ್ತಿಗೆ ಸಂಸ್ಕೃತಿ ಶಿಬಿರ. ಅನಂತಮೂರ್ತಿಯವರು ತಪ್ಪದೆ ಬಂದು ಕೂರುತ್ತಿದ್ದ ಶಿಬಿರ ಅದು. ಅಲ್ಲಿ ಹೊಸ ನಾಟಕಗಳ ಮೊದಲ ಪ್ರದರ್ಶನ. ಆಮೇಲೆ ಗಾಡಿ ಹೊರಟರೆ ತಿಂಗಳುಗಟ್ಟಲೆ ರಾಜ್ಯದ ಊರೂರು. ಯಕ್ಷಗಾನ ಮೇಳದ ಕ್ರಮವೇ ಇದು, ನಾಟಕಕ್ಕೆ ಬಂದಿದೆ.

ಒಂದು ಊರಿನಲ್ಲಿ ನಾಟಕವಾಗಬೇಕಾದರೆ ಏನೇನು ಬೇಕು ಗೊತ್ತಾ? ಅವರು ಸೆಟ್, ಲೈಟ್, ಬಟ್ಟೆ ತರುತ್ತಾರೆ. ನಾವು ಜಾಗ, ಕರೆಂಟ್, ಊಟ, ಮಲಗುವ ವ್ಯವಸ್ಥೆ, ಗೊತ್ತುಮಾಡಿದ ಹಣ ಕೊಡಬೇಕು. ಊಟ ಸುಲಭ, ಮನೆಮನೆಯಿಂದ ಬರುತ್ತದೆ. ಕರೆಂಟ್ ಮಾತ್ರ ಪರೀಕ್ಷೆ. ಜೋಗದಲ್ಲಿ 1948ರಿಂದಲೇ ವಿದ್ಯುತ್ ಹುಟ್ಟುತ್ತಿದೆ, ಲಿಂಗನಮಕ್ಕಿ ಅಣೆಕಟ್ಟಿಗೆ ಎಷ್ಟೋ ಮನೆಗಳು ಮುಳುಗಿದವು. ಆದರೂ ನಮ್ಮ ಶಾಲೆಯ ಅಂಗಳದಲ್ಲಿ ನಾಲ್ಕು ದೊಡ್ಡ ದೀಪ ಹಾಕಿದರೆ ಫ್ಯೂಸ್ ಹಾರುತ್ತಿತ್ತು. ಜನರೇಟರ್ ತಂದರೆ ಅದರ ಸದ್ದಿಗೆ ಮಾತು ಕೇಳುವುದಿಲ್ಲ. ಹೊಂಡ ತೋಡಿ ಜನರೇಟರ್ ಕೆಳಗಿಳಿಸಿ, ಸುತ್ತ ಹುಲ್ಲಿನ ಹೊರೆ ನಿಲ್ಲಿಸಿದ್ದೂ ಉಂಟು.

ಕಲಾವಿದರೇ ಲಾರಿಯಿಂದ ಸಾಮಾನು ಇಳಿಸುತ್ತಾರೆ, ಸೆಟ್ ಕಟ್ಟುತ್ತಾರೆ, ಸಂಜೆ ಬಣ್ಣ ಹಚ್ಚುತ್ತಾರೆ, ನಾಟಕ ಮುಗಿದ ಮೇಲೆ ಮೊಳೆ ಕೀಳುತ್ತಾರೆ. ಮಧ್ಯಾಹ್ನ ಹಗ್ಗ ಎಳೆಯುತ್ತಿದ್ದವನು ರಾತ್ರಿ ರಾಜ! ನಮ್ಮೂರ ಹುಡುಗರು ನಾಟಕಕ್ಕಿಂತ ಜಾಸ್ತಿ ಇದನ್ನು ನೋಡಿ ಕಲಿತರು. ಮರುವರ್ಷ ಗಣಪತಿ ಹಬ್ಬದಲ್ಲಿ ಅವರದೇ ನಾಟಕ. ಕೆಟ್ಟದಾಗಿತ್ತು, ಆದರೆ ಪರದೆ ಹೊತ್ತಿಗೆ ಸರಿಯಾಗಿ ಎದ್ದಿತ್ತು.

ಹಣದ ಮಾತು ಹೇಳಲೇಬೇಕು. ಟಿಕೆಟ್ ಇಟ್ಟ ವರ್ಷ ಜನ ಹೊತ್ತಿಗೆ ಬಂದರು, ಕೊನೆವರೆಗೆ ಕೂತರು. ಉಚಿತ ಮಾಡಿದ ವರ್ಷ ಅರ್ಧ ಜನ ಮಧ್ಯದಲ್ಲಿ ಎದ್ದರು. ಬೇರೆ ಊರುಗಳಲ್ಲಿ ಹೇಗೋ, ನಮ್ಮಲ್ಲಿ ಹೀಗೆ.

ಗಾಂಧಿಬಜಾರ್:
ಇದನ್ನೆಲ್ಲ ಓದಿ ನನ್ನ ವಾದ ಇನ್ನೂ ಗಟ್ಟಿಯಾಯಿತು! ನೀವೇ ಹೇಳುತ್ತಿದ್ದೀರಿ: ಹಾಲ್ ಆದ ಮರುವರ್ಷ ಚಿತ್ರಸಮಾಜ, ಎಂಟು ವರ್ಷಕ್ಕೆ ಶಾಲೆ, ಹದಿಮೂರು ವರ್ಷಕ್ಕೆ ತಿರುಗಾಟ. ಅಂದರೆ ಕಟ್ಟಡ ಬಂದ ಮೇಲೆಯೇ ವೇಗ ಬಂದದ್ದು. ಮೊದಲ 23 ವರ್ಷ ಹಳ್ಳಿಯ ಹವ್ಯಾಸಿ ಸಂಘ, ಮುಂದಿನ 13 ವರ್ಷದಲ್ಲಿ ನಾಡಿಗೇ ಗೊತ್ತಾದ ಸಂಸ್ಥೆ.

ತುಂಗಾದಂಡೆ:
ಲೆಕ್ಕ ಸರಿ. ಆದರೆ ಆ ಹಾಲ್ 1949ರಲ್ಲೇ ಬಂದಿದ್ದರೆ ಏನಾಗುತ್ತಿತ್ತು ಯೋಚಿಸಿ. ಮದುವೆಗೆ ಬಾಡಿಗೆಗೆ ಹೋಗುತ್ತಿತ್ತು. ಕರ್ನಾಟಕದ ಎಷ್ಟು ತಾಲೂಕು ಕೇಂದ್ರಗಳಲ್ಲಿ ಬೀಗ ಹಾಕಿದ ರಂಗಮಂದಿರ ಇಲ್ಲ ಹೇಳಿ? ಅಲ್ಲಿ ಸಿಮೆಂಟಿಗೇನೂ ಕೊರತೆಯಿಲ್ಲ.

ಶಿವಮೊಗ್ಗದ ಸ್ಥಿತಿ ಅಷ್ಟು ಕೆಟ್ಟದಾಗಿಲ್ಲ. ಕುವೆಂಪು ರಂಗಮಂದಿರ ಇದೆ. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರಿಂದ ಶುರುವಾದ ಸರ್ಕಾರಿ ನಾಟಕ ಸಂಸ್ಥೆ ರಂಗಾಯಣದ ಒಂದು ಘಟಕ ನಮ್ಮಲ್ಲೂ ಇದೆ. ಹವ್ಯಾಸಿ ತಂಡಗಳಿವೆ. ನಮ್ಮಲ್ಲಿ ಇಲ್ಲದ್ದು ತಾರೀಖು. ‘ಈ ದಿನ ನಾಟಕ ಇದ್ದೇ ಇರುತ್ತದೆ’ ಅಂತ ಊರಿಗೆ ಗೊತ್ತಿರುವ ಒಂದು ದಿನ.

ಮೂಡುಮನೆ:
ತಾರೀಖು ಒಳ್ಳೆ ಮಾತು. ಅದರ ಜೊತೆ ಕೊನೆಯ ಬಸ್ಸಿನ ಹೊತ್ತನ್ನೂ ನೋಡಿ ಇಡಿ. ನಾಟಕ ಎಂಟಕ್ಕೆ ಶುರುಮಾಡಿ, ಅದಕ್ಕೂ ಮುಂಚೆ ಒಂದು ಗಂಟೆ ಭಾಷಣ ಇಟ್ಟರೆ ಗಾಜನೂರು ಕಡೆಯಿಂದ ಬಂದವರು ಮನೆಗೆ ಹೋಗುವುದು ಹೇಗೆ? ಹೆಗ್ಗೋಡಿನಲ್ಲಿ ಗಂಟೆ ಬಾರಿಸಿದರೆ ನಾಟಕ ಶುರು. ಸನ್ಮಾನಕ್ಕೆ ಕಾದು ಕೂರಿಸುವುದಿಲ್ಲ.

ರೀಲುಡಬ್ಬಿ:
ಸನ್ಮಾನ ಬಿಟ್ಟರೆ ಹಾಲ್‌ನ ಅರ್ಧ ಬಾಡಿಗೆ ಉಳಿಯುತ್ತದೆ 😄

ಇನ್ನೊಂದು ಸೇರಿಸುತ್ತೇನೆ. ಈಗಿನ ಹುಡುಗರಿಗೆ ನೀನಾಸಂ ಅಂದರೆ ಸಿನಿಮಾಕ್ಕೆ ಹೋಗುವ ಬಾಗಿಲು. ಅಚ್ಯುತ್ ಕುಮಾರ್ ಅಲ್ಲಿಂದ ಬಂದವರು. ಸತೀಶ್ ಅಂತೂ ಹೆಸರಿಗೇ ನೀನಾಸಂ ಸೇರಿಸಿಕೊಂಡರು. ಇದನ್ನು ಬೈಯುವವರಿದ್ದಾರೆ. ನನಗೇನೂ ತಪ್ಪು ಕಾಣುವುದಿಲ್ಲ. ತೆರೆಯ ಮೇಲೆ ಕನ್ನಡವನ್ನು ನೆಟ್ಟಗೆ ಮಾತಾಡುವವರು ನಾಲ್ಕು ಜನ ಜಾಸ್ತಿಯಾದರೆ ನಷ್ಟವೇನು?

ಕೊಳಗ:
ನಷ್ಟ ಸಿನಿಮಾದಿಂದಲ್ಲ. ಊರಿಗೆ ವಾಪಸ್ ಬಂದು ಶಾಲೆಯಲ್ಲಿ ನಾಟಕ ಮಾಡಿಸುವವರು ಕಡಿಮೆಯಾದರೆ ನಷ್ಟ. ಸುಬ್ಬಣ್ಣ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಊರಿಗೆ ವಾಪಸ್ ಬಂದವರು. ತೋಟ ನೋಡಿಕೊಂಡು, 1957ರಲ್ಲಿ ಅಕ್ಷರ ಪ್ರಕಾಶನ ಕಟ್ಟಿ, 2005ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅವರು ಬೆಂಗಳೂರಿಗೆ ಹೋಗಿದ್ದರೆ ನಾವು ಇಲ್ಲಿ ಏನು ಚರ್ಚೆ ಮಾಡುತ್ತಿದ್ದೆವು?

ಗಾಂಧಿಬಜಾರ್:
ಸರಿ, ಕೆಲಸದ ಮಾತಿಗೆ ಬರೋಣ. ದೊಡ್ಡ ಹಾಲ್ ಬೇಡ. ನೂರು ಜನ ಹಿಡಿಸುವ ಒಂದು ಕೋಣೆ, ಪ್ರತಿ ತಿಂಗಳ ಮೊದಲ ಶನಿವಾರ, ಸಂಜೆ ಆರೂವರೆ. ನಾಟಕ ಸಿಗದ ತಿಂಗಳು ತಾಳಮದ್ದಳೆ. ಅದೂ ಇಲ್ಲವಾದರೆ ನಾಟಕದ ಓದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡು ಇರುವ ಜಾಗ ಖಂಡಿತ ಬೇಡ, ಮಳೆಯ ಸದ್ದಿಗೆ ನಟರು ಬಾಯಿ ಬಡಿದುಕೊಂಡರೂ ಕೇಳಿಸುವುದಿಲ್ಲ. ಟಿಕೆಟ್ ಇಡುವುದಾ, ಡಬ್ಬಿ ಇಡುವುದಾ?

ತಿರುಗಾಟದ ಹಳಬ:
ಟಿಕೆಟ್. ಸಣ್ಣ ಮೊತ್ತವಾದರೂ ಟಿಕೆಟ್. ವಿದ್ಯಾರ್ಥಿಗಳಿಗೆ ಅರ್ಧ. ಡಬ್ಬಿಯಲ್ಲಿ ಬೀಳುವುದು ಚಿಲ್ಲರೆ, ಅದನ್ನು ಎಣಿಸಲು ಮತ್ತೆ ಒಬ್ಬ ಬೇಕು. ಬೆಂಚು ಹೊರಲು ನಾನು ಬರುತ್ತೇನೆ. ಲೈಟ್ ಕೆಲಸ ಬಲ್ಲವರು ಇಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಮೊದಲು ಕೋಣೆಯ ವೈರಿಂಗ್ ಎಷ್ಟು ಲೋಡ್ ತಡೆಯುತ್ತದೆ ಅಂತ ನೋಡಿ ಹೇಳಿ. ಆಮೇಲೆ ನಾಟಕ ಆರಿಸೋಣ.